ವಾರದ ಕಂತು, ವರ್ಷದ ಬೆಳೆ: ಸಂಘದ ಹುಡುಗರ ಬಗ್ಗೆ ಒಂದಿಷ್ಟು ಮಾತು

(ಗಂಗಾವತಿಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಆಮೇಲೆ ನೆನಪಿನಿಂದ ಬರೆದಿದ್ದೇನೆ. ಮಾತಿನ ಓಟ ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಮೇಷ್ಟ್ರು ಫೋನ್ ಮಾಡಿ, ಮೈಕ್ರೋಫೈನಾನ್ಸ್‌ನಲ್ಲಿ ಕೆಲಸ ಹೇಗೆ ಸಿಗುತ್ತದೆ ಅಂತ ಮಕ್ಕಳಿಗೆ ಹೇಳಿ ಅಂದರು. ಕೆಲಸ ಸಿಗುತ್ತದೆ. ಡಿಗ್ರಿ ಮುಗಿದ ತಿಂಗಳಲ್ಲೇ ಸಿಗುತ್ತದೆ. ಪಿಯುಸಿ ಆದವರಿಗೂ ಸಿಗುತ್ತದೆ. ಒಂದು ಬೈಕು, ಒಂದು ಲೈಸೆನ್ಸು ಇದ್ದರೆ ಆಯ್ತು. ಇಷ್ಟು ಹೇಳೋಕೆ ಒಂದು ನಿಮಿಷ ಸಾಕು. ಉಳಿದ ಹೊತ್ತು ಆ ಬೈಕಿನ ಮೇಲೆ ಕೂತವನ ಬಗ್ಗೆ ಮಾತಾಡೋಣ. ಅದನ್ನು ನಿಮಗೆ ಯಾರೂ ಹೇಳುವುದಿಲ್ಲ.

ನಾನು ಕುಷ್ಟಗಿ ತಾಲ್ಲೂಕಿನವನು. ಹೆಂಗಸರ ಗುಂಪಿಗೆ ಅಡವಿಲ್ಲದೆ ಸಣ್ಣ ಸಾಲ ಕೊಡುವ ಈ ಕಂಪನಿಗಳಿಗೆ ಹಳ್ಳಿಯಲ್ಲಿ ಸಂಘ ಅನ್ನುತ್ತಾರೆ. ನಮ್ಮವ್ವ ಸಂಘದ ಚಾಪೆ ಮೇಲೆ ಕೂತು ಸಾಲ ಕಟ್ಟಿದವಳು. 2013ರಲ್ಲಿ ನಾನು ಅದೇ ಚಾಪೆಯ ಇನ್ನೊಂದು ಕಡೆ, ಕಂತು ವಸೂಲಿ ಮಾಡುವವನಾಗಿ, ಹೋಗಿ ಕೂತೆ. ಏಳು ವರ್ಷ ಫೀಲ್ಡ್ ಆಫೀಸರ್, ಆಮೇಲೆ ಐದು ವರ್ಷ ಬ್ರಾಂಚ್ ಮ್ಯಾನೇಜರ್. ಕಾರಟಗಿ, ಸಿಂಧನೂರು, ದೇವದುರ್ಗ, ಬಳ್ಳಾರಿ ಎಲ್ಲ ಕಡೆ ಸುತ್ತಿದ್ದೇನೆ. ಮೂರು ಕಂಪನಿ ನೋಡಿದ್ದೇನೆ. ಯಾವುದರ ಹೆಸರೂ ಹೇಳುವುದಿಲ್ಲ.

ಮೊದಲು ಒಂದು ಹಳೇ ಕತೆ. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ತಮ್ಮ ಬ್ಯಾಂಕಿನಲ್ಲಿ, ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಮನುಷ್ಯ ನಿಮ್ಮ ಅಂಗಡಿ ಬಾಗಿಲಿಗೇ ಬಂದು ತಗೊಂಡು ಹೋಗುತ್ತಿದ್ದ. ಗಂಗಾವತಿ ಬಜಾರಿನಲ್ಲಿ ಈಗಲೂ ಸಂಜೆ ಹೊತ್ತು ಪಿಗ್ಮಿಯವರು ಓಡಾಡುವುದನ್ನು ನೋಡಿದ್ದೀರಿ, ಅಲ್ವಾ? ಆಫ್ರಿಕಾದ ಘಾನಾ ದೇಶದಲ್ಲೂ ಇಂಥದ್ದೇ ಒಂದು ಪದ್ಧತಿ ಇದೆ. ಅದಕ್ಕೆ ಸುಸು ಅನ್ನುತ್ತಾರೆ. ಸಂತೆಯ ಹೆಂಗಸರು ದಿನವೂ ಇಷ್ಟು ಅಂತ ಕಲೆಕ್ಟರ್ ಕೈಗೆ ಕೊಡುತ್ತಾರೆ. ತಿಂಗಳ ಕೊನೆಗೆ ಒಂದು ದಿನದ ಪಾಲನ್ನು ತನ್ನ ಕೂಲಿ ಅಂತ ಹಿಡಿದುಕೊಂಡು, ಉಳಿದದ್ದನ್ನು ಅವನು ವಾಪಸ್ ಕೊಡುತ್ತಾನೆ. ಈಗ ಅಲ್ಲಿನ ಮೈಕ್ರೋಫೈನಾನ್ಸ್ ಸಂಸ್ಥೆಗಳೂ ಹೀಗೆ ಓಡಾಡುವ ಹುಡುಗ ಹುಡುಗಿಯರನ್ನು ಇಟ್ಟುಕೊಂಡಿವೆ. ಮೊಬೈಲ್ ಬ್ಯಾಂಕರ್ ಅಂತ ಕರೆಯುತ್ತಾರೆ. ಕಾಲಿನ ಮೇಲೆ ನಡೆಯುವ ಬ್ಯಾಂಕು ಅಂದುಕೊಳ್ಳಿ.

ಅವರ ಹೆಗಲಲ್ಲೂ ಬ್ಯಾಗು, ನಮ್ಮ ಹೆಗಲಲ್ಲೂ ಬ್ಯಾಗು. ಬಿಸಿಲೂ ಒಂದೇ. ಆದರೆ ಒಂದು ವ್ಯತ್ಯಾಸ ಇದೆ. ಪಿಗ್ಮಿಯವನು ಬಂದರೆ ಜನ ತಮ್ಮ ದುಡ್ಡನ್ನು ಕಾಪಾಡಲು ಕೊಡುತ್ತಾರೆ. ನಮ್ಮ ಹುಡುಗ ಬಂದರೆ ಸಾಲದ ಕಂತು ಕೊಡಬೇಕು. ನಮ್ಮಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳು ಠೇವಣಿ ತೆಗೆದುಕೊಳ್ಳುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ. ಅದಕ್ಕೆ ಕಾರಣ ಇದೆ, ಜನರ ಉಳಿತಾಯ ಮುಳುಗಬಾರದು. ಆದರೆ ಕಾರಟಗಿಯಲ್ಲಿ ನಾಟಿ ಗುತ್ತಿಗೆಯ ದುಡ್ಡು ಬಂದ ದಿನ ಒಬ್ಬ ಅಕ್ಕ ನನ್ನ ಮುಂದೆ ನೋಟಿನ ಸುರುಳಿ ಹಿಡಿದು, 'ಸರ, ಇದನ್ನ ನೀವ ಇಟ್ಕೊಳ್ರಿ. ಮನ್ಯಾಗಿದ್ರ ನಮ್ಮನಿಯವ್ರು ಬಿಡಂಗಿಲ್ಲ' ಅಂದಳು. ಕಂತಿಗೆ ಇನ್ನೂ 12 ದಿನ ಇತ್ತು. ಆ ದುಡ್ಡು ತೆಗೆದುಕೊಳ್ಳಲು ನನಗೆ ಅಧಿಕಾರ ಇರಲಿಲ್ಲ. ಬೇಡ ಅಂದೆ. 12 ದಿನ ಆದ ಮೇಲೆ ಹೋದಾಗ ಆ ದುಡ್ಡು ಇರಲಿಲ್ಲ. ಅವಳು ತಲೆ ತಗ್ಗಿಸಿ ಕೂತಿದ್ದಳು, ನಾನು ಕೇಳಬೇಕಾಗಿತ್ತು.

ನಾನು ಇವತ್ತು ಹೇಳಬೇಕು ಅಂತ ಬಂದಿದ್ದು ಇದರಲ್ಲೇ ಇದೆ. ಕಂಪನಿಗೆ ಒಂದು ಕ್ಯಾಲೆಂಡರ್ ಇದೆ. ವಾರ, ಹದಿನೈದು ದಿನ, ತಿಂಗಳು. ನಮ್ಮ ಭೂಮಿಗೆ ಬೇರೆ ಕ್ಯಾಲೆಂಡರ್ ಇದೆ. ನಾಟಿ, ಕೊಯ್ಲು, ಮೆಣಸಿನಕಾಯಿ ಬಿಡಿಸುವುದು, ಗುಳೆ. ಇವೆರಡೂ ಒಂದಕ್ಕೊಂದು ಕೂಡುವುದಿಲ್ಲ. ಕೂಡದ ಕಡೆ ಒಂದು ಸಂದು ಉಳಿಯುತ್ತದೆ. ಆ ಸಂದಿನಲ್ಲಿ ನಮ್ಮ ಹುಡುಗ ನಿಂತಿರುತ್ತಾನೆ, 22 ವರ್ಷದವನು, ಕೈಯಲ್ಲಿ ಮೊಬೈಲ್ ಹಿಡಿದುಕೊಂಡು.

ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಲ್ಲ. ನಿಮ್ಮ ಮನೆ ಅನ್ನ ಅದರದ್ದೇ. ಜುಲೈ, ಆಗಸ್ಟ್‌ನಲ್ಲಿ ನೀರು ಬಿಟ್ಟರೆ ಕೂಲಿ ಹೆಂಗಸರ ಕೈ ತುಂಬ ಕೆಲಸ. ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿಯುತ್ತಾರೆ. ನಾಟಿ ಮುಗಿದ ಮೇಲೆ ಕಳೆ. ಆಮೇಲೆ ಕೊಯ್ಲಿನವರೆಗೆ ದೊಡ್ಡ ಕೆಲಸ ಇಲ್ಲ. ಈಗ ಕೊಯ್ಲಿಗೂ ಮಷಿನ್ ಬಂದಿದೆ. ಬಳ್ಳಾರಿ ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸ ಜನವರಿಯಿಂದ ಮಾರ್ಚ್. ರಾಯಚೂರು ಕಡೆ ಹತ್ತಿ ಬಿಡಿಸುವುದು ಅದಕ್ಕಿಂತ ಮುಂಚೆ. ಹಾಗಾಗಿ ನಮ್ಮ ಹೆಂಗಸರ ಕೈಗೆ ದುಡ್ಡು ಗಂಟಾಗಿ ಬರುತ್ತದೆ, ಗಂಟಾಗಿಯೇ ಖರ್ಚಾಗುತ್ತದೆ. ನಡುವೆ ತಿಂಗಳುಗಟ್ಟಲೆ ಏನೂ ಇಲ್ಲ.

ಬಳ್ಳಾರಿಯ ಜೀನ್ಸ್ ಓಣಿಗಳಲ್ಲಿ ಕೆಲಸ ಮಾಡುವಾಗ ನನಗೆ ಇಷ್ಟು ಕಷ್ಟ ಆಗಲಿಲ್ಲ. ಅಲ್ಲಿ ಹೊಲಿಗೆಯವರಿಗೆ, ಮನೆಯಲ್ಲಿ ಕೂತು ದಾರ ಕತ್ತರಿಸುವವರಿಗೆ ವಾರದ ಬಟವಾಡೆ. ಬಟವಾಡೆ ಆದ ಮರುದಿನ ಹೋದರೆ ಕಂತು ಸಲೀಸಾಗಿ ಬರುತ್ತಿತ್ತು. ಅದೇ ಕಂಪನಿ, ಅದೇ ಸಾಲ, ಅದೇ ನಾನು. ಬಳ್ಳಾರಿಯಲ್ಲಿ ಒಳ್ಳೆಯ ಆಫೀಸರ್ ಅನ್ನಿಸಿಕೊಂಡವನು ದೇವದುರ್ಗಕ್ಕೆ ಹೋದ ಮೇಲೆ ಕೆಲಸಕ್ಕೆ ಬಾರದವನಾದೆ. ಅವತ್ತೇ ನನಗೆ ಅರ್ಥ ಆಗಬೇಕಿತ್ತು. ಬಹಳ ದಿನ ನನ್ನಲ್ಲೇ ಏನೋ ತಪ್ಪಿದೆ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಹೇಗಿರುತ್ತದೆ ಹೇಳುತ್ತೇನೆ. ಕಾರಟಗಿ ಹತ್ತಿರದ ಒಂದು ಕ್ಯಾಂಪು. ಏಳು ಗಂಟೆಗೆ ಸೆಂಟರ್ ಮೀಟಿಂಗ್. ಸೆಂಟರ್ ಅಂದರೆ ಒಂದೇ ಕಡೆ ಸೇರಿ ಕಂತು ಕಟ್ಟುವ ಹೆಂಗಸರ ಗುಂಪು. ಎಂಟಕ್ಕೆ ನಾಟಿಗೆ ಕರೆದೊಯ್ಯುವ ಟಂಟಂ ಬರುತ್ತದೆ, ಅದರೊಳಗೆ ಮುಗಿಯಬೇಕು. ಗುಡಿ ಕಟ್ಟೆ ಮೇಲೆ ಪ್ಲಾಸ್ಟಿಕ್ ಚಾಪೆ. ಹದಿನೆಂಟು ಜನ ಬರಬೇಕು. ಹದಿನಾರು ಬಂದಿದ್ದಾರೆ. ಬುತ್ತಿ ಗಂಟು ಪಕ್ಕದಲ್ಲಿದೆ. ಕೆಲವರ ಕಾಲಿನ ಕೆಸರು ನಿನ್ನೆಯದು, ಉಗುರಿನ ಸಂದಿನಲ್ಲಿ ಒಣಗಿದೆ. ನೋಟುಗಳು ಬೆವರಿಗೆ ಒದ್ದೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳೇ ಜಾಸ್ತಿ. ಎಣಿಸಿ, ತಿರುಗಿಸಿ ನೋಡಿ, ಹರಿದದ್ದು ಬೇರೆ ಇಟ್ಟು, ಮೊಬೈಲ್‌ನಲ್ಲಿ ಒಬ್ಬೊಬ್ಬರದ್ದೇ ಎಂಟ್ರಿ ಹಾಕಬೇಕು. ನೆಟ್‌ವರ್ಕ್ ಬರುವುದು ಗುಡಿಯ ಹಿಂದೆ ಮಾತ್ರ. ಆಚೆ ಟಂಟಂ ಹಾರ್ನ್ ಹೊಡೆಯುತ್ತಿದೆ. ಒಟ್ಟು ಎಣಿಸಿದರೆ ಇನ್ನೂರು ರೂಪಾಯಿ ಕಡಿಮೆ.

ಆ ಇನ್ನೂರು ಯಾರದು? ಬಾರದ ಇಬ್ಬರಲ್ಲಿ ಒಬ್ಬಳದ್ದನ್ನು ಸೆಂಟರ್ ಲೀಡರ್ ಕೊಟ್ಟಳು. ಇನ್ನೊಬ್ಬಳದ್ದನ್ನು ಎಲ್ಲರೂ ಸೇರಿ ಹಾಕಿದರು. ಆದರೂ ಇನ್ನೂರು ಸಾಲಲಿಲ್ಲ. ಗುಂಪು ಜಾಮೀನು ಅಂತ ಪುಸ್ತಕದಲ್ಲಿ ಓದುತ್ತೀರಲ್ಲ, ಅದು ಇದೇ. ಕೇಳಲು ಬಹಳ ಚಂದ. ಮೂರು ಸಲ ಬೇರೆಯವರ ಪಾಲು ಹಾಕಿದ ಹೆಂಗಸಿಗೆ ನಾಲ್ಕನೇ ಸಲ ಹಾಕು ಅಂದರೆ ಅವಳು ಮುಖ ತಿರುಗಿಸುತ್ತಾಳೆ. ಅವಳದ್ದೇನು ತಪ್ಪು? ಟಂಟಂ ಮತ್ತೆ ಹಾರ್ನ್ ಹೊಡೆಯಿತು. ನಾನು ನನ್ನ ಜೇಬಿನಿಂದ ಇನ್ನೂರು ತೆಗೆದು ಹಾಕಿದೆ. ಸಂಪೂರ್ಣ ವಸೂಲಿ ಅಂತ ಮೊಬೈಲ್‌ನಲ್ಲಿ ಹಸಿರು ಬಂತು.

ನಮ್ಮ ಲೈನ್‌ನಲ್ಲಿ ಇದಕ್ಕೆ 'ಕೈಯಿಂದ ಹಾಕೋದು' ಅನ್ನುತ್ತೇವೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಈ ಕೆಲಸಕ್ಕೆ ಸೇರಿದರೆ ಮೊದಲನೇ ತಿಂಗಳಲ್ಲೇ ಈ ಇನ್ನೂರು ರೂಪಾಯಿ ನಿಮ್ಮ ಮುಂದೆ ಬಂದು ನಿಲ್ಲುತ್ತದೆ.

ಕೈಯಿಂದ ಯಾಕೆ ಹಾಕುತ್ತಾರೆ? ಮೊಬೈಲ್‌ನಲ್ಲಿ ಕೆಂಪು ಬಂದರೆ ಮಧ್ಯಾಹ್ನ ಮೂರು ಗಂಟೆಗೆ ಬ್ರಾಂಚಿನಿಂದ ಫೋನ್. ನಾಲ್ಕು ಗಂಟೆಗೆ ಏರಿಯಾ ಮ್ಯಾನೇಜರ್ ಫೋನ್. ಸಂಜೆ ಗ್ರೂಪ್ ಕಾಲ್‌ನಲ್ಲಿ ಎಲ್ಲರ ಮುಂದೆ ಹೆಸರು ಓದುತ್ತಾರೆ. ರಾತ್ರಿ ಎಂಟಕ್ಕೂ ಮನೆಗೆ ಬಿಡುವುದಿಲ್ಲ. ಆ ತಿಂಗಳ ಇನ್ಸೆಂಟಿವ್ ಹೋಗುತ್ತದೆ. ಇನ್ನೂರು ರೂಪಾಯಿಗೆ ಇಷ್ಟೆಲ್ಲ ಯಾಕೆ ಅನಿಸುತ್ತದೆ. ಜತೆಗೆ ಆ ಅಕ್ಕ ಮುಂದಿನ ವಾರ ಕೊಡುತ್ತಾಳೆ ಅನ್ನುವ ನಂಬಿಕೆಯೂ ಇರುತ್ತದೆ. ಹೆಚ್ಚಿನ ಸಲ ಕೊಡುತ್ತಾಳೆ ಕೂಡ. ಆದರೆ ಮುಂದಿನ ವಾರ ಬೇರೆ ಇಬ್ಬರದ್ದು ಕಡಿಮೆ ಬೀಳುತ್ತದೆ. ಒಬ್ಬ ಹುಡುಗನ ಕೈಯಲ್ಲಿ ನಲವತ್ತು, ಐವತ್ತು ಸೆಂಟರ್ ಇರುತ್ತವೆ. 2014ರಲ್ಲಿ ನನ್ನ ಸಂಬಳ 11 ಸಾವಿರ. ಒಂದು ತಿಂಗಳು ಲೆಕ್ಕ ಹಾಕಿದಾಗ 3,400 ಕೈಯಿಂದ ಹಾಕಿದ್ದೆ. ಅವ್ವನಿಗೆ ಕಳಿಸಬೇಕಾದ ದುಡ್ಡು ಅದು.

ಜೇಬು ಖಾಲಿಯಾದ ಮೇಲೆ ಏನಾಗುತ್ತದೆ? ಇಲ್ಲಿಂದ ದಾರಿ ಜಾರುತ್ತದೆ. ಯಾರೋ ಒಬ್ಬಳು ಸಾಲ ಪೂರ್ತಿ ತೀರಿಸಲು ಎಂಟು ಸಾವಿರ ಕೊಟ್ಟಿರುತ್ತಾಳೆ. ಅದನ್ನು ಇವತ್ತು ಕಟ್ಟದೆ, ಬೇರೆಯವರ ಕಂತಿಗೆ ಹೊಂದಿಸಿ, ನಾಳೆ ಸರಿ ಮಾಡುತ್ತೇನೆ ಅಂದುಕೊಳ್ಳುತ್ತಾನೆ. ಕದಿಯಬೇಕು ಅಂತ ಶುರು ಮಾಡಿದವನಲ್ಲ. ಹಸಿರು ತೋರಿಸಬೇಕು ಅಂತ ಶುರು ಮಾಡಿದವನು. ನನ್ನ ಬ್ರಾಂಚಿನಲ್ಲೇ ಯಲಬುರ್ಗಾ ಕಡೆಯ ಒಬ್ಬ ಹುಡುಗ ಹೀಗೆ ಸಿಕ್ಕಿಬಿದ್ದ. 23 ವರ್ಷ. ಆಡಿಟ್‌ನವರು ಬಂದು ಮನೆಮನೆಗೆ ಹೋಗಿ ಪಾಸ್‌ಬುಕ್ ನೋಡಿದರು. 61 ಸಾವಿರ ವ್ಯತ್ಯಾಸ. ಅವರಪ್ಪ ಎರಡು ಎತ್ತು ಮಾರಿ ದುಡ್ಡು ತಂದುಕೊಟ್ಟ. ಟವೆಲ್‌ನಲ್ಲಿ ಸುತ್ತಿ ತಂದಿದ್ದ ಗಂಟನ್ನು ನನ್ನ ಟೇಬಲ್ ಮೇಲೆ ಇಟ್ಟು, 'ನಮ್ಮ ಹುಡುಗ ಕುಡ್ಯಾಂಗಿಲ್ರಿ, ಇಸ್ಪೀಟ್ ಆಡಂಗಿಲ್ರಿ. ಈ ರೊಕ್ಕ ಎಲ್ಲಿ ಹೋತ್ರಿ?' ಅಂತ ಕೇಳಿದ. ನನಗೆ ಗೊತ್ತಿತ್ತು ಎಲ್ಲಿ ಹೋಯಿತು ಅಂತ. ಒಂದು ವರ್ಷದಿಂದ ಸಂಜೆಯ ಕಾಲ್‌ನಲ್ಲಿ ಅವನ ಹೆಸರು ಓದಿ ನಾಚಿಕೆ ಮಾಡಿಸಿದವನು ನಾನೇ. ನಾನು ಏನೂ ಹೇಳಲಿಲ್ಲ. ದುಡ್ಡು ಎಣಿಸಿಕೊಂಡೆ. ಆ ಹುಡುಗನಿಗೆ ಆಮೇಲೆ ಬೇರೆ ಯಾವ ಕಂಪನಿಯಲ್ಲೂ ಕೆಲಸ ಸಿಗಲಿಲ್ಲ.

ಇದನ್ನು ಇಷ್ಟು ಜನರ ಮುಂದೆ ನಾನು ಹೇಳುತ್ತಿರುವುದು ಇದೇ ಮೊದಲು.

ಸ್ವಲ್ಪ ನೀರು ಕುಡಿಯುತ್ತೇನೆ.

ಗುಳೆಯ ವಿಷಯಕ್ಕೆ ಬರೋಣ. ದೇವದುರ್ಗ, ಲಿಂಗಸೂರು, ಕುಷ್ಟಗಿ, ಯಲಬುರ್ಗಾ. ನೀರಾವರಿ ಇಲ್ಲದ ಕಡೆಯಿಂದ ಜನ ಬೆಂಗಳೂರಿಗೆ, ಗೋವಾಕ್ಕೆ ಹೋಗುತ್ತಾರೆ. ಗಾರೆ ಕೆಲಸ, ರಸ್ತೆ ಕೆಲಸ. ಬೆಂಗಳೂರಿನ ಕಟ್ಟಡಗಳ ಪಕ್ಕ ನೀಲಿ ಟಾರ್ಪಾಲಿನ ಗುಡಿಸಲು ನೋಡಿದ್ದರೆ, ಒಳಗೆ ಮಾತಾಡುವ ಭಾಷೆ ಕೇಳಿ. ನಮ್ಮದೇ.

ಒಂದು ಮನೆ ಮುಂದೆ ಹೋದೆ. ಬೀಗ. ಸೊಸೆಯ ಹೆಸರಲ್ಲಿ 40 ಸಾವಿರ ಸಾಲ. ಸತತ ಮೂರು ಮೀಟಿಂಗಿಗೆ ಬಂದಿಲ್ಲ. ಪಕ್ಕದ ಕಟ್ಟೆ ಮೇಲೆ ಅತ್ತೆ ಕೂತಿದ್ದಾಳೆ, ತೊಡೆ ಮೇಲೆ ಎರಡು ವರ್ಷದ ಮೊಮ್ಮಗು. 'ಬಾ ತಮ್ಮಾ, ಬಿಸಲಾಗ ಬಂದಿ, ನೀರ ಕುಡಿ' ಅಂದಳು. ಒಂದು ಚೊಂಬು ನೀರು ಕೊಟ್ಟಳು. 'ಮಗ ಸೊಸಿ ಬೆಂಗಳೂರಿಗೆ ಹೋಗ್ಯಾರ. ಅಲಾಯಿ ಹಬ್ಬಕ್ಕ ಬರ್ತಾರ. ಬಂದ ಮ್ಯಾಲ ಕಟ್ತಾರ. ನಿನ್ನ ರೊಕ್ಕ ಎಲ್ಲಿ ಹೋಗಂಗಿಲ್ಲ.' ನಮ್ಮ ಕಡೆ ಗುಳೆ ಹೋದವರು ಯಾವ ಹಬ್ಬಕ್ಕೆ ಬರದಿದ್ದರೂ ಮೊಹರಂಗೆ ಬರುತ್ತಾರೆ. ಮುದಗಲ್ ಸುತ್ತಮುತ್ತ ಕೇಳುವುದೇ ಬೇಡ. ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಅಜ್ಜಿ ಹೇಳಿದ್ದು ನಿಜವಾದ ಮಾತು.

ಆದರೆ ನನ್ನ ಮೊಬೈಲ್‌ನಲ್ಲಿ 'ಅಲಾಯಿ ಹಬ್ಬಕ್ಕೆ ಬರುತ್ತಾರೆ' ಅನ್ನುವ ಆಯ್ಕೆ ಇರಲಿಲ್ಲ. ಬೀಗದ ಫೋಟೊ ತೆಗೆದು ಹಾಕಬೇಕು. 'ತಲೆಮರೆಸಿಕೊಂಡಿದ್ದಾರೆ' ಅನ್ನುವುದನ್ನು ಒತ್ತಬೇಕು. ಅಜ್ಜಿಯ ಎದುರಿಗೇ ನಿಂತು ಒತ್ತಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. 'ಏನ್ ಬರದಿ ತಮ್ಮಾ?' ಅಂತ ಕೇಳಿದಳು. 'ಬಂದಿದ್ದೆ ಅಂತ ಬರೆದೆ ಯವ್ವಾ' ಅಂದೆ. ಅವರು ಮೊಹರಂಗೆ ಬಂದರು. ಮೂರು ಕಂತು ಒಟ್ಟಿಗೆ ಕಟ್ಟಿದರು. ಆದರೆ ಅಷ್ಟೊತ್ತಿಗೆ, ಯಾರು ಸಾಲ ಹೇಗೆ ಕಟ್ಟಿದರು ಅಂತ ದಾಖಲೆ ಇಡುವ ಕ್ರೆಡಿಟ್ ಬ್ಯೂರೊದಲ್ಲಿ ಅವರ ಹೆಸರಿನ ಮುಂದೆ ಬಾಕಿ ಅಂತ ಬಿದ್ದಿತ್ತು. ಮುಂದಿನ ಸಾಲ ಸಿಗಲಿಲ್ಲ. ಮೀಟರ್ ಬಡ್ಡಿಯವನ ಹತ್ತಿರ ಹೋದರು.

ಈಗ ನಿಯಮದ ಮಾತು. ನೀವು ಬಿ.ಕಾಂ.ನವರು, ಇದು ನಿಮಗೆ ಗೊತ್ತಿರಬೇಕು. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊಸ ನಿಯಮ ತಂದಿತು, ಆ ವರ್ಷ ಏಪ್ರಿಲ್ 1ರಿಂದ ಜಾರಿ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಕಂತು ತೆಗೆದುಕೊಳ್ಳುವುದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲವೋ ಇನ್ನೂ ಹೆಚ್ಚೋ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ, ಕೆಲಸದ ಜಾಗಕ್ಕೆ ಹೋಗಬಹುದು. ಬೈಯುವುದು, ಹೆದರಿಸುವುದು, ನೆಂಟರಿಗೆ ಕಾಟ ಕೊಡುವುದು ಎಲ್ಲ ನಿಷೇಧ. ಇದೆಲ್ಲ ಒಳ್ಳೆಯ ನಿಯಮ. ಸಾಲ ತೆಗೆದುಕೊಂಡ ಮಾತ್ರಕ್ಕೆ ಮಾನ ಕಳೆದುಕೊಳ್ಳಬೇಕಾಗಿಲ್ಲ. ಒಂದೊಂದು ಅಕ್ಷರವೂ ಇರಬೇಕು ಅನ್ನುವವನು ನಾನು.

ಆದರೆ ಕೂಲಿಯ ಹೆಂಗಸು ಎಂಟಕ್ಕೆ ಹೊಲಕ್ಕೆ ಹೋದರೆ ಬರುವುದು ಆರೂವರೆಗೆ. ಒಂಬತ್ತರಿಂದ ಆರು ಅವಳು ಕೆಸರಿನಲ್ಲಿರುತ್ತಾಳೆ, ಫೋನು ಮನೆಯಲ್ಲಿರುತ್ತದೆ. ನಿಯಮ ಪಾಲಿಸಿದರೆ ಅವಳು ಸಿಗುವುದಿಲ್ಲ. ಸಿಗಲಿಲ್ಲ ಅಂದರೆ ಸಂಜೆಯ ಕಾಲ್‌ನಲ್ಲಿ ಹೆಸರು ಓದುತ್ತಾರೆ. ನಿಯಮ ಬರೆದವರು ಒಂದು ಕಡೆ, ಟಾರ್ಗೆಟ್ ಬರೆದವರು ಇನ್ನೊಂದು ಕಡೆ. ಎರಡೂ ಕಾಗದ ಬಂದು ಬೀಳುವುದು ಒಬ್ಬನ ಮೇಲೆ.

ಇನ್ನು ಆ ಅರ್ಧ ಆದಾಯದ ಲೆಕ್ಕ. 50 ಸಾವಿರ ಸಾಲ, ಎರಡು ವರ್ಷ, ಶೇಕಡಾ 24 ಬಡ್ಡಿ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 2,640 ಆಗುತ್ತದೆ. ಬೇಕಿದ್ದರೆ ಈಗಲೇ ಕ್ಯಾಲ್ಕುಲೇಟರ್ ತೆಗೆಯಿರಿ. ಇಂಥ ಸಾಲ ಮೂರಿದ್ದರೆ 7,900 ದಾಟಿತು. ಅಂದರೆ ಮನೆಗೆ ತಿಂಗಳಿಗೆ 16 ಸಾವಿರದ ಹತ್ತಿರ ಆದಾಯ ಇರಬೇಕು. ಅರ್ಜಿಯಲ್ಲಿ 'ತಿಂಗಳ ಆದಾಯ' ಅಂತ ಒಂದು ಖಾನೆ ಇದೆ. ಹುಡುಗ ಕೇಳುತ್ತಾನೆ, 'ಅಕ್ಕಾರ, ತಿಂಗಳಿಗೆ ಎಷ್ಟ್ ಬರ್ತತ್ರಿ?' ಅವಳು ಹೇಳುತ್ತಾಳೆ, 'ನಾಟಿ ಇದ್ರ ಬರ್ತತಿ, ಇಲ್ಲಂದ್ರ ಇಲ್ಲ.' ಈ ಉತ್ತರ ಖಾನೆಯಲ್ಲಿ ಹಿಡಿಯುವುದಿಲ್ಲ. ಅಲ್ಲಿ ಒಂದು ಅಂಕಿ ಬೇಕು. ಸಾಲ ಕೊಡುವ ಟಾರ್ಗೆಟ್ ಕೂಡ ಇದೆ. ಹುಡುಗ ಒಂದು ಅಂಕಿ ಬರೆಯುತ್ತಾನೆ. ಮೊಬೈಲ್ ಹಸಿರು ತೋರಿಸುತ್ತದೆ. ಆ ಅಂಕಿ ಆರು ತಿಂಗಳಾದ ಮೇಲೆ ಅದೇ ಹುಡುಗನ ಮುಂದೆ ಬೀಗ ಹಾಕಿದ ಬಾಗಿಲಾಗಿ ನಿಲ್ಲುತ್ತದೆ. ಸಾಲ ಕೊಡುವಾಗ ಮಾಡಿದ ತಪ್ಪನ್ನು ವಸೂಲಿಯಲ್ಲಿ ತಿದ್ದಲು ಆಗುವುದಿಲ್ಲ. ಎಷ್ಟೇ ಗದರಿದರೂ, ಎಷ್ಟೇ ಕೈಮುಗಿದರೂ ಆಗುವುದಿಲ್ಲ.

2016ರ ನವೆಂಬರ್ 8 ನೆನಪಿದೆಯಾ? ನೀವಾಗ ಸಣ್ಣವರು. ನೋಟು ರದ್ದಾದ ಮರುವಾರ ಹೆಂಗಸರು 500ರ ಹಳೇ ನೋಟು ಹಿಡಿದು ಬಂದರು. ತೆಗೆದುಕೊಳ್ಳಬೇಡಿ ಅಂತ ನಮಗೆ ಆದೇಶ. 'ದುಡ್ಡು ತಂದೀವಿ, ನೀವ ಒಲ್ಲೆ ಅಂತೀರಿ, ಮತ್ತ ಬಾಕಿ ಅಂತ ಬರೀತೀರಿ' ಅಂದರು. ಏನು ಉತ್ತರ ಕೊಡುವುದು? 2020ರ ಲಾಕ್‌ಡೌನ್‌ನಲ್ಲಿ ಕಂತು ಮುಂದೂಡಿದರು. ಮುಂದೂಡಿದ್ದು ಮನ್ನಾ ಅಲ್ಲ, ಬಡ್ಡಿ ಓಡುತ್ತದೆ ಅಂತ ತಿಳಿಸಿ ಹೇಳುವ ಕೆಲಸ ಮತ್ತೆ ನಮ್ಮದೇ ಆಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ. ಆಗ ನಾನು ಸಿಂಧನೂರಿನಲ್ಲಿದ್ದೆ. ಸೋಮವಾರ ಬೆಳಿಗ್ಗೆ ಒಂದು ಸೆಂಟರ್‌ಗೆ ಹುಡುಗನ ಜತೆ ನಾನೂ ಹೋಗಿದ್ದೆ. ಚಾಪೆ ಮೇಲೆ ಯಾರೂ ಕಂತಿನ ಮಾತೆತ್ತಲಿಲ್ಲ. ಒಬ್ಬಳ ಫೋನಿನಲ್ಲಿ ನೀರು ಭೋರ್ಗರೆಯುವ ವಿಡಿಯೊ ಓಡುತ್ತಿತ್ತು, ಎಲ್ಲರೂ ಅದನ್ನೇ ಬಗ್ಗಿ ನೋಡುತ್ತಿದ್ದರು. ಇಡೀ ವರ್ಷದ ಕೂಲಿ ನದಿಗೆ ಹರಿದು ಹೋಗುತ್ತಿದೆ ಅನ್ನುವ ಹಾಗಿತ್ತು ಅವರ ಮುಖ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಬೆಳೆ ಉಳಿಯಿತು. ಆದರೆ ಆ ಸೋಮವಾರವೂ ಮಧ್ಯಾಹ್ನ ಮೂರಕ್ಕೆ ಫೋನ್ ಬಂತು, ಕಲೆಕ್ಷನ್ ಎಷ್ಟು ಅಂತ.

ಇನ್ನು 2025ರ ಜನವರಿ, ಫೆಬ್ರುವರಿ. ಇದನ್ನು ತೂಗಿ ಮಾತಾಡಬೇಕು. ರಾಜ್ಯದ ಬೇರೆ ಬೇರೆ ಕಡೆ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟರು, ಪ್ರಾಣ ಕಳೆದುಕೊಂಡರು. ಅದು ನಿಜ. ಅದಕ್ಕೆ ನಮ್ಮ ಲೈನಿನ ಜನ ಕಾರಣ ಆಗಿದ್ದೂ ಇದೆ. ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮೀಟರ್ ಬಡ್ಡಿಯವರನ್ನು, ನೋಂದಣಿ ಇಲ್ಲದೆ ಸಾಲ ಕೊಡುವವರನ್ನು ಹಿಡಿಯಲು ಅದು ಬೇಕಾಗಿತ್ತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಗಳಿಗೆ ಅದು ಅನ್ವಯ ಆಗುವುದಿಲ್ಲ. ಆದರೆ ಹಳ್ಳಿಯಲ್ಲಿ ಎಲ್ಲದಕ್ಕೂ ಒಂದೇ ಹೆಸರು, 'ಸಂಘ'. ಸಂಘದ ಸಾಲ ಮನ್ನಾ ಆಯ್ತಂತೆ ಅಂತ ಸುದ್ದಿ ಹಬ್ಬಿತು. ನನ್ನ ಬ್ರಾಂಚಿನ ಹುಡುಗರನ್ನು ಎರಡು ಊರಲ್ಲಿ ಒಳಗೆ ಬಿಡಲಿಲ್ಲ. ಒಬ್ಬನ ಬೈಕಿನ ಕೀ ಕಿತ್ತುಕೊಂಡು ಸಂಜೆವರೆಗೆ ಕೂರಿಸಿದರು. ಅವನು ಯಾರಿಗೂ ಗದರಿದವನಲ್ಲ. ಗದರಿದವನು ಆರು ತಿಂಗಳ ಹಿಂದೆ ಕೆಲಸ ಬಿಟ್ಟು ಹೋಗಿದ್ದ, ಅವನ ಕಂಪನಿಯೇ ಬೇರೆ. ಆದರೆ ಜನಕ್ಕೆ ಕಾಣುವುದು ಬ್ಯಾಗು ಹಾಕಿಕೊಂಡು ಬಂದವನ ಮುಖ. ಮುಂಬೈಯಲ್ಲೋ ಬೆಂಗಳೂರಲ್ಲೋ ಟಾರ್ಗೆಟ್ ಬರೆದವರ ಮುಖ ಅಲ್ಲ.

ರಸ್ತೆಯ ಕಷ್ಟ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ಎರೆ ಮಣ್ಣಿನಲ್ಲಿ ಮಳೆಗಾಲದ ಬೈಕು, ಏಪ್ರಿಲ್‌ನ ರಾಯಚೂರು ಬಿಸಿಲು, ಬ್ಯಾಗಿನಲ್ಲಿ ಲಕ್ಷ ರೂಪಾಯಿ ಇಟ್ಟುಕೊಂಡು ಒಬ್ಬನೇ ಬರುವ ಭಯ. ಈಗ ಫೋನಿನಲ್ಲಿ ಕಟ್ಟುವವರು ಹೆಚ್ಚಾಗಿದ್ದಾರೆ, ಸ್ವಲ್ಪ ಹಗುರ ಆಗಿದೆ. ಹುಡುಗಿಯರಿಗೆ ಮಾತ್ರ ಒಂದು ಮಾತು. ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ಎರಡರವರೆಗೆ ಹಳ್ಳಿ ಸುತ್ತುವಾಗ ಶೌಚಾಲಯ ಸಿಗುವುದಿಲ್ಲ ಅಂತ ನೀರೇ ಕುಡಿಯದ ಹುಡುಗಿಯರನ್ನು ನೋಡಿದ್ದೇನೆ. ನನ್ನ ಬ್ರಾಂಚಿನಲ್ಲಿ ಒಬ್ಬಳಿಗೆ ಮೂತ್ರದ ಸೋಂಕು ಪದೇ ಪದೇ ಆಗಿ ಕೆಲಸ ಬಿಟ್ಟಳು. ಸೆಂಟರ್‌ನ ಹೆಂಗಸರಿಗೆ ಅವಳ ಮೇಲೆ ಎಷ್ಟು ಪ್ರೀತಿ ಇತ್ತು ಅಂದರೆ, ಅವಳು ಹೋದ ಮೇಲೆ ಎರಡು ತಿಂಗಳು ಕೇಳುತ್ತಿದ್ದರು, 'ನಮ್ಮ ಮೇಡಂ ಎಲ್ರಿ?' ಸೆಂಟರ್‌ಗಳ ಹತ್ತಿರ ಒಂದೊಂದು ಅಂಗನವಾಡಿ, ಒಂದೊಂದು ಮನೆ ಗೊತ್ತು ಮಾಡಿಕೊಡುವುದು ಕಂಪನಿಗೆ ದೊಡ್ಡ ಖರ್ಚಲ್ಲ. ನಾನು ಮ್ಯಾನೇಜರ್ ಆಗಿದ್ದಾಗ ನನಗೂ ಹೊಳೆಯಲಿಲ್ಲ.

ಇದಕ್ಕೆ ದಾರಿ ಇಲ್ಲವಾ? ಇದೆ. ಹೊಸ ಕಾನೂನೂ ಬೇಕಾಗಿಲ್ಲ. ಅದೇ 2022ರ ನಿಯಮದಲ್ಲಿ ಇನ್ನೊಂದು ಸಾಲು ಇದೆ. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿ ಹೊಂದಿಸಿಕೊಳ್ಳುವ ಅವಕಾಶ ಇರಬೇಕು, ಅದಕ್ಕೆ ಕಂಪನಿಯ ಬೋರ್ಡ್ ಒಪ್ಪಿದ ನೀತಿ ಇರಬೇಕು ಅಂತ. ಕಾರಟಗಿಯ ನಾಟಿ ಹೆಂಗಸಿಗೆ ನಾಟಿ ಸಮಯದಲ್ಲಿ ಜಾಸ್ತಿ ಕಂತು, ಕೆಲಸ ಇಲ್ಲದ ತಿಂಗಳಲ್ಲಿ ಬಡ್ಡಿ ಮಾತ್ರ. ದೇವದುರ್ಗದವರಿಗೆ ಗುಳೆ ಲೆಕ್ಕ. ಬಳ್ಳಾರಿ ಜೀನ್ಸಿನವರಿಗೆ ವಾರದ ಕಂತೇ ಸರಿ. ಸಾಫ್ಟ್‌ವೇರ್‌ನಲ್ಲಿ ಇದನ್ನು ಕೂರಿಸುವುದು ಕಷ್ಟದ ಕೆಲಸ ಅಲ್ಲ. ಯಾವ ತಿಂಗಳಲ್ಲಿ ಯಾವ ಊರಲ್ಲಿ ದುಡ್ಡು ಓಡಾಡುತ್ತದೆ ಅಂತ ಹೇಳಲು ಫೀಲ್ಡ್ ಹುಡುಗರಿದ್ದಾರೆ. ಅವರನ್ನು ಯಾರೂ ಕೇಳುವುದಿಲ್ಲ. ಹನ್ನೆರಡು ವರ್ಷದಲ್ಲಿ ನನ್ನನ್ನು ಒಂದು ಸಲವೂ ಕೇಳಲಿಲ್ಲ.

ಪಿಗ್ಮಿ ಕಲೆಕ್ಟರ್‌ಗಳ ಕತೆಗೆ ಒಂದು ಕೊನೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಇವರು ನಮ್ಮ ನೌಕರರಲ್ಲ, ಕಮಿಷನ್ ಏಜೆಂಟರು ಅಂತ ಬ್ಯಾಂಕುಗಳು ವಾದಿಸಿದವು. ವರ್ಷಗಟ್ಟಲೆ ಕೇಸು ನಡೆಯಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅವರೂ ಕೆಲಸಗಾರರೇ, ಗ್ರ್ಯಾಚುಟಿ ಕೊಡಬೇಕು ಅಂತ ಹೇಳಿತು. ಅವರಿಗೆ ಒಂದು ಸಂಘಟನೆ ಇತ್ತು, ಅದಕ್ಕೇ ಅಲ್ಲಿಯವರೆಗೆ ಹೋಗಲು ಆಯಿತು. ನಮ್ಮ ಹುಡುಗರು ಒಂದೂವರೆ ವರ್ಷಕ್ಕೆ ಕೆಲಸ ಬಿಡುತ್ತಾರೆ, ಬೇರೆ ಊರಿಗೆ ವರ್ಗ ಆಗುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಗೊತ್ತಾಗುವ ಹೊತ್ತಿಗೆ ಬ್ರಾಂಚೇ ಬದಲಾಗಿರುತ್ತದೆ.

ಇಷ್ಟು ಹೇಳಿ ನಾನು ಕೂತೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. 'ಸರ್, ನಾನು ಶನಿವಾರ ಇಂಟರ್‌ವ್ಯೂಗೆ ಹೋಗಬೇಕು. ಮನೆಯಲ್ಲಿ ಕಷ್ಟ ಇದೆ. ಹೋಗಬೇಕಾ, ಬೇಡವಾ?' ಅಂತ ಕೇಳಿದಳು. ಹಾಲ್ ಸುಮ್ಮನಾಯಿತು.

ಹೋಗಮ್ಮ ಅಂದೆ. ನನ್ನ ಮನೆ ನಡೆದಿದ್ದೂ, ತಂಗಿ ಓದಿದ್ದೂ ಇದೇ ಸಂಬಳದಲ್ಲಿ. ಆದರೆ ಇಂಟರ್‌ವ್ಯೂನಲ್ಲಿ ನಿನಗೂ ಕೇಳುವ ಹಕ್ಕಿದೆ. ನನಗೆ ಎಷ್ಟು ಸೆಂಟರ್ ಕೊಡುತ್ತೀರಿ ಅಂತ ಕೇಳು. ಕಲೆಕ್ಷನ್ ಕಡಿಮೆ ಬಿದ್ದರೆ ಕಡಿಮೆ ಅಂತಲೇ ಬರೆಯಲು ಬಿಡುತ್ತೀರಾ ಅಂತ ಕೇಳು. ಸಂಜೆ ಎಷ್ಟು ಗಂಟೆಗೆ ಮನೆಗೆ ಬಿಡುತ್ತೀರಿ ಅಂತಲೂ ಕೇಳು. ಅವರು ಉತ್ತರ ಕೊಡುವಾಗ ಅವರ ಮುಖ ನೋಡು. ಸೇರಿದ ಮೇಲೆ ಮೊದಲ ಇನ್ನೂರು ರೂಪಾಯಿ ಕಡಿಮೆ ಬಿದ್ದ ದಿನ ಮೊಬೈಲ್‌ನಲ್ಲಿ ಕೆಂಪು ಬರಲಿ, ಬಿಡು. ಬೈಗುಳ ತಿನ್ನು. ಕೈಯಿಂದ ಮಾತ್ರ ಹಾಕಬೇಡ.

ಅವಳು ಬರೆದುಕೊಳ್ಳುತ್ತಿದ್ದಳು. ನನ್ನ ಹಳೇ ಡೈರಿ ಬ್ಯಾಗಿನಲ್ಲಿತ್ತು. ಅದರ ಕೊನೆಯ ಹಾಳೆಯಲ್ಲಿ ಊರಿನ ಹೆಸರು, ಎದುರಿಗೆ ನಾಟಿ ಯಾವಾಗ, ಕಾಯಿ ಬಿಡಿಸುವುದು ಯಾವಾಗ, ಸಂತೆ ಯಾವ ದಿನ, ಜಾತ್ರೆ ಯಾವಾಗ, ಗುಳೆ ಹೋಗುವುದು ಯಾವಾಗ, ಬರುವುದು ಯಾವಾಗ ಅಂತ ಬರೆದಿಟ್ಟಿದ್ದೇನೆ. ಕಾರಟಗಿಯಿಂದ ದೇವದುರ್ಗದವರೆಗೆ 63 ಊರು. ಅದನ್ನು ತೆಗೆದು ಅವಳ ಕೈಗೆ ಕೊಟ್ಟೆ. ಫೋಟೊ ತೆಗೆದುಕೊಂಡು ವಾಪಸ್ ಕೊಡು ಅಂದೆ. ಅವಳ ಹಿಂದೆ ಇನ್ನೂ ಏಳೆಂಟು ಜನ ಫೋನು ಹಿಡಿದು ನಿಂತರು.